ಎಲ್ಲರೂ ಪೂರ್ತಿ ಒಪ್ಪಿದ ವಾರ್ಡು

ಮಾಕಳಿ,
೬ ಜೂನ್ ೨೦೧೧

ಮಾನ್ಯ ಅನುಸೂಯಮ್ಮನವರಿಗೆ,
ನರ್ಸಿಂಗ್ ಸೂಪರಿಂಟೆಂಡೆಂಟ್, ಜಿಗಣಿ ಆಸ್ಪತ್ರೆ.

ನಮಸ್ಕಾರ. ನಾನು ಶಿವಗಂಗಾ. ನಮ್ಮ ಟ್ರಸ್ಟಿನ ಮಾಕಳಿ ಆಸ್ಪತ್ರೆಯಲ್ಲಿ ಸಮೀಕ್ಷೆಯ ಕೆಲಸ ನೋಡಿಕೊಳ್ಳುತ್ತೇನೆ. ಇಬ್ಬರಿಗೂ ಸಂಬಳ ಕೊಡುವುದು ಒಂದೇ ಟ್ರಸ್ಟ್ ಆದರೂ ಬೆಂಗಳೂರಿನ ಈ ತುದಿಗೊಬ್ಬರು ಆ ತುದಿಗೊಬ್ಬರು ಇರುವುದರಿಂದ ಇದುವರೆಗೆ ಮುಖ ನೋಡಿಲ್ಲ. ಫೋನ್ ಮಾಡಿದಾಗಲೆಲ್ಲ ನೀವು ವಾರ್ಡಿನಲ್ಲಿರುತ್ತೀರಿ. ಇ-ಮೇಲ್ ಕಳಿಸಿದರೆ ಅದು ನಿಮ್ಮ ಬಿಲ್ಲಿಂಗ್ ಕೌಂಟರಿನಲ್ಲೇ ಕುಳಿತಿರುತ್ತದಂತೆ. ಆದ್ದರಿಂದ ಪ್ರತಿದಿನ ಜಿಗಣಿಯಿಂದ ರಕ್ತದ ಸ್ಯಾಂಪಲ್ ತರುವ ಗಾಡಿಯ ಮುನಿಯಣ್ಣನವರ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ವಿಷಯ ಇಷ್ಟು. ಲಕ್ವ ಹೊಡೆದವರಿಗೆ, ಬೆನ್ನು ಹಿಡಿದವರಿಗೆ ಜಿಗಣಿಯಲ್ಲಿ ಒಂದು ಕೂಡು ವಾರ್ಡು ತೆರೆಯಬೇಕೆಂದು ಟ್ರಸ್ಟಿನ ಆಸೆ. ಇಂಗ್ಲಿಷ್ ಔಷಧಿಯ ಡಾಕ್ಟರು, ಆಯುರ್ವೇದದವರು, ಫಿಸಿಯೋದವರು ಒಂದೇ ಮಂಚದ ಬಳಿ ನಿಂತು, ಒಂದೇ ಕೇಸ್ ಶೀಟಿನಲ್ಲಿ ಬರೆದು ಚಿಕಿತ್ಸೆ ಕೊಡಬೇಕು. ಆದರೆ ಕೆಲಸ ಮಾಡುವವರ ಮನಸ್ಸು ತಿಳಿಯದೆ ಆರಂಭಿಸಬಾರದು ಎಂದು ನಾನು ಹಟ ಹಿಡಿದಿದ್ದೇನೆ. ಅದಕ್ಕೇ ಈ ಪ್ರಶ್ನೆಗಳ ಹಾಳೆ. ಒಂದೊಂದು ಪ್ರಶ್ನೆಗೂ ‘ಪೂರ್ತಿ ಒಪ್ಪುತ್ತೇನೆ’ಯಿಂದ ಹಿಡಿದು ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗೆ ಐದು ಮನೆಗಳಿವೆ. ಹೆಸರು ಬರೆಯುವುದು ಬೇಡ. ಹದಿನೈದು ದಿನ ಸಮಯವಿದೆ, ಎಲ್ಲರೂ ನಿಧಾನವಾಗಿ ಯೋಚಿಸಿ ಟಿಕ್ ಹಾಕಲಿ.

ವಿಶ್ವಾಸಿ,
ಶಿವಗಂಗಾ


ಜಿಗಣಿ,
೯ ಜೂನ್ ೨೦೧೧

ಮಾನ್ಯ ಶಿವಗಂಗಾ ಮೇಡಂ ಅವರಿಗೆ,

ನಿಮ್ಮ ಕಾಗದ ತಲುಪಿತು. ಪ್ರಶ್ನೆಗಳನ್ನು ನೋಡಿದರೆ ನಿಮ್ಮ ಸರ್ವಿಸ್ ಎಷ್ಟೆಂದು ಗೊತ್ತಾಗುತ್ತದೆ. ಅನುಭವಸ್ಥರು ಮಾತ್ರ ಹೀಗೆ ಸುತ್ತಿ ಬಳಸಿ ಕೇಳಲು ಸಾಧ್ಯ.

ನೀವು ಹದಿನೈದು ದಿನ ಕೊಟ್ಟಿದ್ದಿರಿ. ನಿಮ್ಮನ್ನು ಯಾಕೆ ಕಾಯಿಸುವುದೆಂದು ನಾವು ಒಂದೇ ಮಧ್ಯಾಹ್ನ, ಡ್ಯೂಟಿ ಬದಲಾಗುವ ಹೊತ್ತಿನಲ್ಲಿ, ಅರವತ್ತನಾಲ್ಕು ಹಾಳೆಯನ್ನೂ ಮುಗಿಸಿ ಕಳಿಸುತ್ತಿದ್ದೇವೆ. ಒಂದರಲ್ಲೂ ಕಾಟು ಹೊಡೆದಿಲ್ಲ, ಚಿತ್ತು ಮಾಡಿಲ್ಲ. ಎಲ್ಲರೂ ಮೊದಲನೆಯ ಮನೆಗೇ ಟಿಕ್ ಹಾಕಿದ್ದಾರೆ. ನಮ್ಮಲ್ಲಿ ಭೇದಭಾವ ಎನ್ನುವುದೇ ಇಲ್ಲ, ಮೇಡಂ.

ನೀವು ಕೇಳಲಿಲ್ಲ, ಆದರೂ ಒಂದು ಮಾತು ಬರೆಯುತ್ತೇನೆ. ಗ್ರಾನೈಟ್ ಫ್ಯಾಕ್ಟರಿಯಲ್ಲಿ ಕಲ್ಲು ಪಾಲಿಶ್ ಮಾಡುವ ಮುದಕಪ್ಪ ಎನ್ನುವವನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿದೆ, ಬಲಗಾಲಿಗೂ ಶಕ್ತಿ ಸಾಲದು. ಮುದ್ದೇಬಿಹಾಳದ ಕಡೆಯವರು, ಇಲ್ಲಿ ಬಾಡಿಗೆ ರೂಮಿನಲ್ಲಿದ್ದಾರೆ. ಅವನ ಹೆಂಡತಿ ರುಕ್ಮವ್ವ ದಿನವೂ ಗಂಡನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ನಮ್ಮ ಕಟ್ಟಡ, ಕಾಂಪೌಂಡ್ ಗೋಡೆಯ ಆಚೆಯ ಆಯುರ್ವೇದ ಕಟ್ಟಡ, ಹಿಂದುಗಡೆಯ ಫಿಸಿಯೋ ಶೆಡ್ಡು ಸುತ್ತುತ್ತಾಳೆ. ಡಾಕ್ಟರ್ ಶ್ಯಾಮಣ್ಣನವರು ‘ಭುಜ ಎಳೀಬೇಡಿ’ ಅನ್ನುತ್ತಾರೆ. ಆಯುರ್ವೇದದ ಮಹಾದೇವಿ ಮೇಡಂ ‘ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿ’ ಅನ್ನುತ್ತಾರೆ. ಫಿಸಿಯೋ ಬಾಲಾಜಿ ‘ಎಣ್ಣೆ ಕೈ ಜಾರುತ್ತೆ, ತೊಳ್ಕೊಂಡು ಬಾರಮ್ಮ’ ಅಂತ ವಾಪಸ್ ಕಳಿಸುತ್ತಾನೆ. ನಿನ್ನೆ ಅವಳು ನನ್ನನ್ನು ತಡೆದು ಕೇಳಿದಳು: ‘ಅವ್ವಾರ, ಇವರ ಕೈ ಒಂದ ಐತ್ರಿ. ಮೂರ ಮಂದಿ ಮೂರ ಮಾತ ಹೇಳ್ತಾರ. ಯಾರ ಮಾತ ಕೇಳ್ಲಿ?’

ನಾನು ಡ್ರೆಸ್ಸಿಂಗ್ ಟ್ರೇ ಹಿಡಿದುಕೊಂಡು ಮುಂದೆ ಹೋದೆ.

ಇಂತಿ,
ಅನುಸೂಯಮ್ಮ


ಮಾಕಳಿ,
೨೦ ಜೂನ್ ೨೦೧೧

ಮಾನ್ಯ ಅನುಸೂಯಮ್ಮನವರಿಗೆ,

ನೂರಕ್ಕೆ ನೂರು. ಲೆಕ್ಕ ಹಾಕಿದ ಮೇಲೂ ನಂಬಲಾಗದೆ ಮತ್ತೆ ಹಾಕಿದೆ. ನಮ್ಮ ಮಾಕಳಿಯಲ್ಲಿ ಅರ್ಧ ಜನ ಹಾಳೆಯನ್ನೇ ವಾಪಸ್ ಕೊಡಲಿಲ್ಲ, ಕೊಟ್ಟವರು ಕೊಟ್ಟ ಉತ್ತರ ಬರೆಯುವ ಹಾಗಿಲ್ಲ. ಜಿಗಣಿಯವರ ಮನಸ್ಸು ಇಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. ಅಂಥವರನ್ನು ಪಳಗಿಸಿದ ನಿಮಗೆ ಕೈ ಮುಗಿಯಬೇಕು.

ನಮ್ಮ ಆಡಳಿತಾಧಿಕಾರಿ ಪರಮಾನಂದ ಸಾರ್ ಬಹಳ ಖುಷಿಯಾಗಿದ್ದಾರೆ. ಜುಲೈ ಹದಿನೈದಕ್ಕೆ ಕೂಡು ವಾರ್ಡಿನ ಉದ್ಘಾಟನೆ. ಗೋಡೆ ಒಡೆದು ಬಾಗಿಲು ಇಡಿಸಲು ಹೇಳಿಯಾಗಿದೆ. ರುಕ್ಮವ್ವನಿಗೆ ಹೇಳಿ, ಇನ್ನು ಕುರ್ಚಿ ತಳ್ಳಿಕೊಂಡು ತಿರುಗುವುದು ಬೇಡ.

ವಿಶ್ವಾಸದಿಂದ,
ಶಿವಗಂಗಾ


ಜಿಗಣಿ,
೨೨ ಜೂನ್ ೨೦೧೧

ಮಾನ್ಯ ಮೇಡಂ ಅವರಿಗೆ,

ಇಷ್ಟು ಬೇಗ ವಾರ್ಡು ತೆರೆಯುವರೆಂದು ನಾವು ಅಂದುಕೊಂಡಿರಲಿಲ್ಲ. ಟ್ರಸ್ಟಿನಿಂದ ಬಂದ ಕಾಗದಗಳೆಲ್ಲ ಕಾಗದವಾಗಿಯೇ ಉಳಿಯುವುದು ರೂಢಿ.

ಜುಲೈ ಹದಿನೈದು ಆಷಾಢದಲ್ಲಿ ಬೀಳುತ್ತದೆ. ಆಷಾಢದಲ್ಲಿ ನಮ್ಮ ಕಡೆ ಹೊಸ ಪೊರಕೆ ಕೂಡ ತರುವುದಿಲ್ಲ, ಹೊಸ ವಾರ್ಡು ಹೇಗೆ ತೆರೆಯುವುದು? ಪೇಂಟಿನ ವಾಸನೆಯೂ ಇರುತ್ತದೆ. ಶ್ರಾವಣ ಕಳೆಯಲಿ, ಗಣೇಶನ ಹಬ್ಬ ಮುಗಿಯಲಿ, ದಸರಾ ಬರಲಿ. ಆಮೇಲೆ ನಿಧಾನವಾಗಿ ನೋಡಿದರಾಯಿತು. ನಿಮ್ಮಂಥ ಹಿರಿಯರಿಗೆ ನಾನು ಹೇಳಬೇಕಾದ್ದಿಲ್ಲ.

ಇಂತಿ,
ಅನುಸೂಯಮ್ಮ


ಮಾಕಳಿ,
೨೪ ಜೂನ್ ೨೦೧೧

ಮಾನ್ಯ ಅನುಸೂಯಮ್ಮನವರಿಗೆ,

ಆಷಾಢದ ವಿಷಯ ಸಕಾಲಕ್ಕೆ ನೆನಪಿಸಿದಿರಿ, ತುಂಬ ಉಪಕಾರವಾಯಿತು. ನಿಮ್ಮ ಕಾಗದ ತೋರಿಸಿದ ಕೂಡಲೇ ಪರಮಾನಂದ ಸಾರ್ ಕ್ಯಾಲೆಂಡರ್ ತರಿಸಿ, ಆಷಾಢ ಹುಟ್ಟುವ ಮೊದಲೇ ಮುಗಿಸಿಬಿಡೋಣ ಎಂದರು. ಉದ್ಘಾಟನೆ ಇದೇ ಬುಧವಾರ, ಇಪ್ಪತ್ತೊಂಬತ್ತಕ್ಕೆ. ಪೇಂಟು ಬೇಗ ಒಣಗಲೆಂದು ನಾಲ್ಕು ದೊಡ್ಡ ಫ್ಯಾನು ಕಳಿಸುತ್ತಿದ್ದಾರೆ.

ನಿಮ್ಮ ಉತ್ಸಾಹ ನೋಡಿ ನಮಗೆಲ್ಲ ಸಂತೋಷವಾಗಿದೆ.

ಶಿವಗಂಗಾ


ಜಿಗಣಿ,
೧೧ ಜುಲೈ ೨೦೧೧

ಮಾನ್ಯ ಮೇಡಂ ಅವರಿಗೆ,

ವಾರ್ಡು ಶುರುವಾಯಿತು. ಉಸಿರಾಡಲೂ ಪುರುಸೊತ್ತಿಲ್ಲದ್ದರಿಂದ ಬರೆಯಲಾಗಲಿಲ್ಲ.

ಪರಮಾನಂದ ಸಾರ್ ಕಳಿಸಿದ ಬೋರ್ಡನ್ನು ವಾರ್ಡಿನ ಬಾಗಿಲ ಮೇಲೆ ನೇತು ಹಾಕಿದ್ದೇವೆ. ‘ಸಿಬ್ಬಂದಿಯೆಲ್ಲರೂ ನೂರಕ್ಕೆ ನೂರು ಒಪ್ಪಿ ಆರಂಭಿಸಿದ ವಾರ್ಡು’ ಎಂದು ನೀಲಿ ಅಕ್ಷರದಲ್ಲಿದೆ. ಅದರ ಕೆಳಗೆ ದಿನ ಬೆಳಗಾದರೆ ಜಗಳ. ಶ್ಯಾಮಣ್ಣನವರ ರೌಂಡ್ಸು ಒಂಬತ್ತಕ್ಕೆ. ಮಹಾದೇವಿ ಮೇಡಂ ಎಣ್ಣೆ ಹಚ್ಚುವುದೂ ಒಂಬತ್ತಕ್ಕೆ. ಬಾಲಾಜಿಗೂ ಅದೇ ಒಂಬತ್ತೇ ಬೇಕು. ಮೊದಲ ದಿನ ಮೂವರೂ ಮುದಕಪ್ಪನ ಮಂಚದ ಸುತ್ತ ನಿಂತು ‘ನೀವು ಮುಗಿಸಿ’, ‘ಪರವಾಗಿಲ್ಲ, ನೀವು ಮುಗಿಸಿ’ ಎಂದು ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟರು. ಎರಡನೆಯ ದಿನ ಆ ಮರ್ಯಾದೆಯೂ ಹೋಯಿತು.

ನನ್ನ ಗೋಳು ಬೇರೆ. ಹಾಲಿನಂಥ ಬಿಳಿ ಶೀಟುಗಳೆಲ್ಲ ಎಣ್ಣೆಮಯ. ಲಾಂಡ್ರಿಯವನು ‘ಇದು ಆಸ್ಪತ್ರೆಯಾ, ಬೋಂಡಾ ಅಂಗಡೀನಾ ಸಿಸ್ಟರ್?’ ಎಂದು ಕೇಳುತ್ತಾನೆ. ಕಷಾಯದ ವಾಸನೆಗೆ ನಮ್ಮ ಹುಡುಗಿಯರು ಮೂಗು ಮುಚ್ಚಿಕೊಂಡು ಬಿ.ಪಿ. ನೋಡುತ್ತಾರೆ. ಯಾರಾದರೂ ತುಟಿ ಬಿಚ್ಚಿದರೆ ಮಹಾದೇವಿ ಮೇಡಂ ಬೋರ್ಡಿನ ಕಡೆ ಕೈ ತೋರಿಸಿ, ‘ನೀವೇ ಪೂರ್ತಿ ಒಪ್ಪಿದೀರಲ್ಲ’ ಎಂದು ನಗುತ್ತಾರೆ. ನನಗೆ ಆ ನಗು ಕಂಡರೆ ಮೈ ಉರಿಯುತ್ತದೆ.

ಆದರೆ ಕಳೆದ ಗುರುವಾರ ಒಂದು ವಿಚಿತ್ರ ನಡೆಯಿತು. ಶ್ಯಾಮಣ್ಣನವರು ಗೊಣಗುತ್ತಲೇ, ‘ಎಣ್ಣೆ ಹಚ್ಚೋಕೆ ಎಷ್ಟು ಹೊತ್ತು ಬೇಕ್ರೀ ನಿಮಗೆ?’ ಎಂದರು. ಮಹಾದೇವಿ ಮೇಡಂ ಮೊದಲ ಸಲ ನಗದೆ ಉತ್ತರ ಕೊಟ್ಟರು. ‘ಭುಜದ ಹತ್ರ ಎಳೀಬೇಡಿ, ಕೀಲು ಸಡಿಲ ಇದೆ’ ಎಂದು ಡಾಕ್ಟರು ತೋರಿಸಿದರು. ಇವರು ಬಗ್ಗಿ ನೋಡಿ, ‘ಹೌದಲ್ಲ, ನನಗ್ಯಾರೂ ಹೇಳೇ ಇಲ್ವಲ್ಲ’ ಎಂದರು. ಬಾಲಾಜಿ ಬಿಸಿನೀರಿನ ಬಟ್ಟೆಯಲ್ಲಿ ಎಣ್ಣೆ ಒರೆಸಿ ಆಮೇಲೆ ಕೈ ಹಿಡಿದ. ಮೊದಲು ಎಣ್ಣೆ, ಆಮೇಲೆ ಬಟ್ಟೆ, ಆಮೇಲೆ ವ್ಯಾಯಾಮ, ಕೊನೆಗೆ ರೌಂಡ್ಸು ಎಂದು ಜಗಳವಾಡುತ್ತಲೇ ಸಾಲು ಗೊತ್ತಾಯಿತು. ರುಕ್ಮವ್ವ ಎಲ್ಲವನ್ನೂ ನೋಡುತ್ತ ನಿಂತಿದ್ದವಳು ನನ್ನ ಕಿವಿಯಲ್ಲಿ ಹೇಳಿದಳು: ‘ಮದ್ಲ ಇವ್ರು ನಮ್ಮ ಹಿಂದ ಬ್ಯಾರೆ ಬ್ಯಾರೆ ಮಾತಾಡ್ತಿದ್ರು. ಈಗ ನಮ್ಮ ಮುಂದ ಕೂಡಿ ಜಗಳಾಡ್ತಾರ. ಛಲೋ ಆತ್ ಬಿಡ್ರಿ ಅವ್ವಾರ.’

ಶನಿವಾರ ಮುದಕಪ್ಪ ಸ್ಟೀಲ್ ಲೋಟದ ಸುತ್ತ ಬೆರಳು ಮಡಚಿದ. ಎತ್ತಲಾಗಲಿಲ್ಲ. ಆದರೂ ನನ್ನ ಹುಡುಗಿಯರು ಸೀರಿಯಸ್ ಪೇಷಂಟ್ ಇರುವ ವಾರ್ಡಿನಲ್ಲಿ ಚಪ್ಪಾಳೆ ಹೊಡೆದರು, ನಾನು ಬೈಯಲಿಲ್ಲ.

ಇಂತಿ,
ಅನುಸೂಯಮ್ಮ


ಮಾಕಳಿ,
೧೪ ಜುಲೈ ೨೦೧೧

ಮಾನ್ಯ ಅನುಸೂಯಮ್ಮನವರಿಗೆ,

ಮುದಕಪ್ಪನ ಸುದ್ದಿ ಕೇಳಿ ಸಂತೋಷವಾಯಿತು.

ಆಗಸ್ಟ್ ಇಪ್ಪತ್ತಕ್ಕೆ ಟ್ರಸ್ಟಿನ ಸಭೆ. ವಾರ್ಡು ಮುಂದುವರಿಸಬೇಕೋ ಬೇಡವೋ ಎಂದು ಅಲ್ಲಿ ತೀರ್ಮಾನವಾಗುತ್ತದೆ. ನನ್ನ ಸಮೀಕ್ಷೆಯ ವರದಿಯೇ ಅದಕ್ಕೆ ಆಧಾರ. ಅದಕ್ಕಾಗಿ ಒಂದು ಸಣ್ಣ ವಿಷಯ ಕೇಳಬೇಕಿತ್ತು. ಹಾಳೆ ತುಂಬಿದ ಮಧ್ಯಾಹ್ನ ನೀವು ಅಲ್ಲೇ ಇದ್ದಿರಾ?

ಶಿವಗಂಗಾ


ಜಿಗಣಿ,
೧೮ ಜುಲೈ ೨೦೧೧

ಮಾನ್ಯ ಮೇಡಂ ಅವರಿಗೆ,

ಮುದಕಪ್ಪ ನಿನ್ನೆ ಖಾಲಿ ಲೋಟ ಎತ್ತಿದ. ಇವತ್ತು ಕಾಲು ಲೋಟ ನೀರು. ನಾಳೆ ಅರ್ಧ ತುಂಬಿಸುತ್ತೇವೆ ಎಂದು ಬಾಲಾಜಿ ಹೇಳಿದ್ದಾನೆ.

ನೀವು ಕೇಳಿದ ಮಧ್ಯಾಹ್ನ ಬಹಳ ಗಲಾಟೆಯಿತ್ತು. ಸರಿಯಾಗಿ ನೆನಪಿಲ್ಲ.

ಇಂತಿ,
ಅನುಸೂಯಮ್ಮ


ಮಾಕಳಿ,
೨೫ ಜುಲೈ ೨೦೧೧

ಅನುಸೂಯಮ್ಮನವರೇ,

ಸುತ್ತಿ ಬಳಸುವುದು ಬಿಟ್ಟು ಬರೆಯುತ್ತೇನೆ. ಎರಡು ವಾರದ ಹಿಂದೆ ಮುನಿಯಣ್ಣ ಸ್ಯಾಂಪಲ್ ಡಬ್ಬ ಇಳಿಸುತ್ತ ಮಾತಿಗೆ ಮಾತು ಬಂದು ಹೇಳಿದರು: ‘ಅನುಸೂಯಮ್ಮೋರು ಬಾಗ್ಲಾಗೆ ನಿಂತ್ಕಂಡು, ಮೊದಲ್ನೇ ಮನೇಗೆ ಆಕ್ರಮ್ಮ, ಬೇಗ್ ಬೇಗ ಆಕ್ರಿ ಅಂತಿದ್ರು ಕಣಕ್ಕ. ನಂಗೂ ಒಂದ್ ಆಳೆ ಕೊಟ್ರು. ಅಂಗೇ ನಾನೂ ಆಕ್ದೆ.’ ಅಂದರೆ ಕೂಡು ಚಿಕಿತ್ಸೆಯ ಬಗ್ಗೆ ವೈದ್ಯಕೀಯ ಸಿಬ್ಬಂದಿಯ ಅಭಿಪ್ರಾಯದಲ್ಲಿ ಡ್ರೈವರ್ ಮುನಿಯಣ್ಣನವರದೂ ಒಂದಿದೆ. ನಗು ಬಂತು. ಆಮೇಲೆ ಭಯವಾಯಿತು.

ನಿಮಗೆ ಗೊತ್ತಾಗದ ಹಾಗೆ ನಾನು ಮುಚ್ಚಿಟ್ಟದ್ದೂ ಇದೆ. ನಾನು ಹಿರಿಯಳಲ್ಲ. ನನಗೆ ಇಪ್ಪತ್ತೇಳು, ಇಂಡಿ ತಾಲೂಕಿನವಳು, ಇದು ನನ್ನ ಮೊದಲ ಕೆಲಸ, ಅದೂ ಆಗಸ್ಟ್ ಕೊನೆಯವರೆಗಿನ ಕಾಂಟ್ರಾಕ್ಟು. ಆ ನೂರಕ್ಕೆ ನೂರರಿಂದಲೇ ಇಲ್ಲಿ ನನಗೆ ಬೆಲೆ ಬಂದಿರುವುದು. ನಿಜ ಗೊತ್ತಾದ ಮೇಲೂ ಸುಮ್ಮನಿದ್ದೆ. ಬಾಯಿ ಬಿಟ್ಟರೆ ವಾರ್ಡು ಮುಚ್ಚುತ್ತಾರೆ, ಮುದಕಪ್ಪನ ಲೋಟ ಅಲ್ಲಿಗೇ ನಿಲ್ಲುತ್ತದೆ ಎಂದು ನೆಪ ಹೇಳಿಕೊಂಡೆ. ಆದರೆ ಸುಳ್ಳು ಲೆಕ್ಕವನ್ನು ಸಭೆಯಲ್ಲಿ ಓದಲು ನನ್ನಿಂದಾಗದು. ಮತ್ತೆ ಕೇಳಬೇಕು. ಕೇಳಿದರೆ ಉತ್ತರ ಏನು ಬರುತ್ತದೋ. ನೀವು ಬೈದರೂ ಸರಿ, ಏನು ಮಾಡಲಿ ಹೇಳಿ.

ಶಿವಗಂಗಾ


ಜಿಗಣಿ,
೨೫ ಜುಲೈ ೨೦೧೧

ಮಾನ್ಯ ಮೇಡಂ ಅವರಿಗೆ,

ನಿಮ್ಮಿಂದ ಮತ್ತೆ ಕಾಗದ ಬರುವ ಮೊದಲೇ ಹೇಳಿಬಿಡುತ್ತೇನೆ. ನೆನಪಿಲ್ಲ ಎಂದು ಬರೆದದ್ದು ಸುಳ್ಳು. ಚೆನ್ನಾಗಿ ನೆನಪಿದೆ. ಬಾಗಿಲಲ್ಲಿ ನಿಂತು ಎಲ್ಲರ ಕೈಯಲ್ಲೂ ಮೊದಲನೆಯ ಮನೆಗೇ ಟಿಕ್ ಹಾಕಿಸಿದವಳು ನಾನೇ.

ಕೆಟ್ಟ ಉದ್ದೇಶದಿಂದಲ್ಲ, ಮೇಡಂ. ನಾನು ಕೆಲಸಕ್ಕೆ ಸೇರಿದಾಗಿನಿಂದ ಮೇಲಿನಿಂದ ಬಂದ ಪ್ರತಿ ಕಾಗದವೂ ಇನ್‌ಸ್ಪೆಕ್ಷನ್ನೇ. ಬೆಂಕಿ ಆರಿಸುವ ಸಿಲಿಂಡರ್ ಇದೆಯೇ? ಇದೆ. ಸೊಳ್ಳೆ ಪರದೆ ಇದೆಯೇ? ಇದೆ. ಇದೆ ಎಂದು ಬರೆದರೆ ಅವರು ಖುಷಿಯಾಗಿ ಹೋಗುತ್ತಾರೆ, ನಮ್ಮ ಕೆಲಸ ನಮಗೆ. ನಿಮ್ಮ ಮನಸ್ಸಿನಲ್ಲಿ ಏನಿದೆ ಎಂದು ಇದುವರೆಗೆ ಯಾರೂ ನಮ್ಮನ್ನು ಕೇಳಿರಲಿಲ್ಲ. ನೀವು ನಿಜವಾಗಿಯೇ ಕೇಳುತ್ತಿದ್ದೀರಿ ಎಂದು ನನ್ನ ತಲೆಗೆ ಹೋಗಲಿಲ್ಲ.

ರಿಟೈರ್ ಆಗುವ ವಯಸ್ಸಿನಲ್ಲಿ ನಿಮ್ಮ ಹೆಸರಿಗೆ ನನ್ನಿಂದ ಮಸಿ ಬಳಿಯಬಾರದು. ಇನ್ನೊಮ್ಮೆ ಹಾಳೆ ಕಳಿಸಿ. ಈ ಸಲ ನಾನು ಬಾಗಿಲ ಹತ್ತಿರವೂ ಸುಳಿಯುವುದಿಲ್ಲ.

ಇಂತಿ,
ಅನುಸೂಯಮ್ಮ


ಜಿಗಣಿ,
೧೦ ಆಗಸ್ಟ್ ೨೦೧೧

ಶಿವಗಂಗಾ,

ಇಪ್ಪತ್ತೇಳಂತೆ. ನನ್ನ ಚಿಕ್ಕ ಮಗಳಿಗಿಂತ ಚಿಕ್ಕವಳಿಗೆ ‘ಮಾನ್ಯ’ ಬರೆದೂ ಬರೆದೂ ಕೈ ನೋಯಿಸಿಕೊಂಡೆನಲ್ಲ. ದಪ್ಪ ಕನ್ನಡಕ, ಬಿಳಿ ಕೂದಲು, ಸಿಡುಕು ಮುಖ ಎಂದೆಲ್ಲ ಅಂದುಕೊಂಡಿದ್ದೆ. ಮುನಿಯಣ್ಣನನ್ನು ಕೇಳಿದರೆ, ‘ಸಣ್ಕಿದೆ ಮಗು, ಊಟ ಸರಿಯಾಗ್ ಮಾಡಲ್ಲ’ ಎಂದ. ಈ ಕಾಗದದ ಜೊತೆ ಹುರಿಟ್ಟಿನ ಉಂಡೆ ಕಳಿಸಿದ್ದೇನೆ. ದಾರಿಯಲ್ಲಿ ಅವನು ಎರಡು ತಿಂದಿರುತ್ತಾನೆ, ಲೆಕ್ಕ ಕೇಳಬೇಡ.

ಹಾಳೆಗಳು ಮುಗಿದವು. ಈ ಸಲ ಒಂದು ಮಧ್ಯಾಹ್ನವಲ್ಲ, ಪೂರ್ತಿ ವಾರ ಹಿಡಿಯಿತು. ನಾನು ಒಂದೇ ಮಾತು ಹೇಳಿದೆ, ‘ಇದು ಇನ್‌ಸ್ಪೆಕ್ಷನ್ ಅಲ್ಲ ಕಣ್ರಮ್ಮ, ಒಂದು ಹುಡುಗಿ ನಿಜವಾಗ್ಲೂ ಕೇಳ್ತಿದಾಳೆ.’ ಅಷ್ಟಕ್ಕೇ ಎಲ್ಲರಿಗೂ ಬಾಯಿ ಬಂತು. ಕ್ಯಾಂಟೀನಿನಲ್ಲಿ ಯಾವಾಗಲೂ ಡಾಕ್ಟರದೊಂದು ಟೇಬಲ್ಲು, ಆಯುರ್ವೇದದವರದೊಂದು, ನಮ್ಮದೊಂದು. ಒಂದೇ ಕೇಸ್ ಶೀಟಿನ ಬಗ್ಗೆ ಇದ್ದ ಐದನೆಯ ಪ್ರಶ್ನೆಯ ಮೇಲೆ ವಾದ ಹತ್ತಿ ಮೂರು ಟೇಬಲ್ಲಿನವರೂ ತಟ್ಟೆ ಹಿಡಿದು ಎದ್ದುಬಂದರು. ಶ್ಯಾಮಣ್ಣನವರು ಹಾಳೆಯ ಹಿಂಬದಿ ತುಂಬ ಬರೆದು, ಸಾಲದೆ ಇನ್ನೊಂದು ಹಾಳೆ ಕೇಳಿದರು. ನಮ್ಮ ವೇಣಿ ಸಿಸ್ಟರ್ ಒಂದು ಟಿಕ್ಕನ್ನು ಮೂರು ಸಲ ಅಳಿಸಿದಳು. ಕಾಟು ಚಿತ್ತು ಧಾರಾಳವಾಗಿದೆ, ನೀನೇ ನೋಡುತ್ತೀಯ.

ಲಕೋಟೆಗೆ ಹಾಕುವಾಗ ಮೇಲೆ ಮೇಲೆ ಕಣ್ಣಾಡಿಸಿದೆ. ಹಿಂದಿನ ಅಂಕ ಬರುವುದಿಲ್ಲ, ಮಗಳೇ. ಅರ್ಧಕ್ಕಿಳಿದರೂ ಆಶ್ಚರ್ಯವಿಲ್ಲ. ನಿನ್ನ ಕೆಲಸ ಹೋದರೆ ಅದಕ್ಕೆ ನಾನೇ ಕಾರಣ ಎಂದು ಸಂಕಟವಾಗುತ್ತದೆ. ನನ್ನ ಹಾಳೆಯೂ ಅದರಲ್ಲಿದೆ. ಏನು ಬರೆದೆ ಎಂದು ಕೇಳಬೇಡ.

ಅನುಸೂಯಮ್ಮ


ಮಾಕಳಿ,
೨೨ ಆಗಸ್ಟ್ ೨೦೧೧

ಪ್ರೀತಿಯ ಅನುಸೂಯಮ್ಮ,

ಉಂಡೆ ಮುಗಿದವು. ಸಭೆಯೂ ಮುಗಿಯಿತು.

ನೂರರಿಂದ ಐವತ್ತೆರಡಕ್ಕೆ ಇಳಿದಿದೆ ಎಂದು ಓದಿದೆ. ಮೊದಲನೆಯ ಲೆಕ್ಕ ತಪ್ಪು, ಹೇಗೆ ತಪ್ಪಾಯಿತು ಎಂದೂ ಹೇಳಿದೆ. ನಿಮ್ಮ ಹೆಸರು ಹೇಳಲಿಲ್ಲ, ಕೇಳುವ ರೀತಿಯೇ ಸರಿಯಿರಲಿಲ್ಲ ಎಂದೆ, ಅದು ನಿಜವೂ ಹೌದು. ಪರಮಾನಂದ ಸಾರ್ ಮುಖ ಕಪ್ಪಿಟ್ಟಿತು. ‘ಹಾಗಾದ್ರೆ ಜನ ಒಪ್ಪಿಲ್ಲ ಅಂತಾಯ್ತು. ಮುಚ್ಚಿಬಿಡೋಣ್ವಾ?’ ಎಂದರು.

‘ಐದು ನಿಮಿಷ ಕೊಡಿ ಸಾರ್’ ಎಂದು ಹಾಳೆಗಳ ಹಿಂಬದಿ ಓದಲು ಶುರು ಮಾಡಿದೆ. ರೌಂಡ್ಸಿಗೆ ಮುಂಚೆ ಮೂವರೂ ಹತ್ತು ನಿಮಿಷ ಕೂರಬೇಕು. ಕೇಸ್ ಶೀಟಿನಲ್ಲಿ ಆಯುರ್ವೇದದವರ ಅಕ್ಷರ ಅರ್ಥವಾಗುವುದಿಲ್ಲ. ಡಾಕ್ಟರ ಅಕ್ಷರವಂತೂ ಅವರಿಗೇ ಅರ್ಥವಾಗುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಯಾವ ಕಷಾಯ ಕೊಡುತ್ತಾರೆಂದು ನಮಗೆ ಮೊದಲೇ ತಿಳಿಸಬೇಕು. ಹೀಗೆ ಓದುತ್ತ ಹೋದೆ. ಸಭೆಯಲ್ಲಿದ್ದವರು ಮೊದಲು ನಗತೊಡಗಿದರು, ಆಮೇಲೆ ಒಬ್ಬೊಬ್ಬರೇ ಬರೆದುಕೊಳ್ಳತೊಡಗಿದರು. ‘ಇವರು ಕೋಪದಲ್ಲಿದ್ದಾರೆ ಸಾರ್, ಆದರೆ ವಾರ್ಡು ಮುಚ್ಚಿ ಎಂದು ಒಬ್ಬರೂ ಬರೆದಿಲ್ಲ’ ಎಂದೆ. ಪರಮಾನಂದ ಸಾರ್ ನಂಬದೆ ತಾವೇ ಎಲ್ಲ ಹಾಳೆಯನ್ನೂ ತಿರುವಿ ನೋಡಿದರು. ಇರಲಿಲ್ಲ.

ವಾರ್ಡು ಮುಂದುವರಿಯುತ್ತದೆ. ಇನ್ನೂ ಆರು ಮಂಚ ಸೇರಿಸುತ್ತಾರೆ. ಬೋರ್ಡು ಇಳಿಸಲು ಹೇಳಿದ್ದಾರೆ. ನನ್ನ ಕಾಂಟ್ರಾಕ್ಟನ್ನು ಎರಡು ವರ್ಷಕ್ಕೆ ಬೆಳೆಸಿದ್ದಾರೆ, ಮಾಕಳಿಯಲ್ಲೂ ಮತ್ತೆ ಕೇಳಬೇಕಂತೆ. ಊರಿಗೆ ಫೋನ್ ಮಾಡಿ ಹೇಳುವ ಮೊದಲು ನಿಮಗೆ ಬರೆಯುತ್ತಿದ್ದೇನೆ. ಇಷ್ಟು ಖುಷಿ ನನಗೆ ಕೆಲಸ ಸಿಕ್ಕ ದಿನವೂ ಆಗಿರಲಿಲ್ಲ.

ಒಂದು ಹಾಳೆಯ ಬಗ್ಗೆ ಹೇಳಲೇಬೇಕು. ಅದರಲ್ಲಿ ಎಲ್ಲ ಪ್ರಶ್ನೆಗೂ ‘ಸ್ವಲ್ಪವೂ ಒಪ್ಪುವುದಿಲ್ಲ’. ಹಿಂಬದಿಯಲ್ಲಿ ಮಾತ್ರ ಎಣ್ಣೆಯ ಶೀಟಿಗೆ ಬೇರೆ ಬಣ್ಣ, ಬೇರೆ ಬಕೆಟ್ಟು, ಗಾಯ ಇರುವವರಿಗೆ ಯಾವಾಗ ಎಣ್ಣೆ ಹಚ್ಚಬಾರದು ಎಂದು ಒಂದೂ ಬಿಡದೆ ಬರೆದಿದೆ. ಪರಮಾನಂದ ಸಾರ್ ಅದನ್ನು ಎರಡು ಸಲ ಓದಿ, ‘ವಾರ್ಡ್ ನಡೆಸೋಕೆ ಇವರೇ ಬೇಕು, ಯಾರಿವರು?’ ಎಂದರು. ‘ಹೆಸರು ಬೇಡವೆಂದು ಮಾತು ಕೊಟ್ಟಿದ್ದೇನೆ ಸಾರ್, ಹುಡುಕುವುದಿಲ್ಲ’ ಎಂದೆ. ಕೂಡು ವಾರ್ಡನ್ನು ನೋಡಿಕೊಳ್ಳುವ ಜಾಗ ಖಾಲಿಯಿದೆ. ಯಾರಿಗೆ ಮನಸ್ಸಿದೆಯೋ ಅವರೇ ಮುಂದೆ ಬರಲಿ ಎಂದು ಜಿಗಣಿಗೆ ನೋಟಿಸು ಬರುತ್ತದೆ.

ನಾನು ಏನೂ ಕೇಳುತ್ತಿಲ್ಲ.

ನಿಮ್ಮ,
ಶಿವಗಂಗಾ


ಜಿಗಣಿ,
೭ ಸೆಪ್ಟೆಂಬರ್ ೨೦೧೧

ಮಗಳೇ ಶಿವಗಂಗಾ,

ಮುದಕಪ್ಪ ಸೋಮವಾರ ಮನೆಗೆ ಹೋದ. ಕೋಲು ಹಿಡಿದು ತಾನೇ ನಡೆದ. ಕೈ ಪೂರ್ತಿ ಬಂದಿಲ್ಲ, ಕಲ್ಲಿನ ಕೆಲಸ ಆಗುವುದಿಲ್ಲ ಎಂದು ಶ್ಯಾಮಣ್ಣನವರು ಮುಚ್ಚುಮರೆಯಿಲ್ಲದೆ ಹೇಳಿದರು. ‘ಉಣ್ಣಾಕ ಬರ್ತೈತಿ, ಅಂಗಿ ಗುಂಡಿ ಹಾಕ್ಕೊಳ್ಳಾಕ ಬರ್ತೈತಿ, ಉಳಿದದ್ದ ನಾ ನೋಡ್ಕೋತೀನ್ರಿ’ ಎಂದಳು ರುಕ್ಮವ್ವ. ಹೋಗುವ ಮುಂಚೆ ಮೂವರಿಗೂ ಒಟ್ಟಿಗೆ ಕೈ ಮುಗಿದಳು, ಬೇರೆ ಬೇರೆಯಾಗಿ ಅಲ್ಲ.

ಆ ಹಾಳೆ ನನ್ನದೇ. ನಿನಗೆ ಓದಿದ ಕೂಡಲೇ ಗೊತ್ತಾಗಿರುತ್ತದೆ, ನೀನು ಹೇಳದಿದ್ದರೂ. ಅದರಲ್ಲಿ ಬರೆದದ್ದಕ್ಕೆ ನಾನು ಬದ್ಧಳು. ಕಷಾಯದ ವಾಸನೆ ನನಗೆ ಇವತ್ತಿಗೂ ಆಗುವುದಿಲ್ಲ. ಮಹಾದೇವಿ ಮೇಡಂ ಜೊತೆ ಬೆಳಿಗ್ಗೆಯೂ ಶೀಟಿನ ವಿಷಯಕ್ಕೆ ಮಾತಾಯಿತು. ಹಸಿರು ಶೀಟು ಬಂದಿವೆ. ಅವರು ಬಿಳಿಯದರ ಮೇಲೇ ಎಣ್ಣೆ ಬಟ್ಟಲು ಇಟ್ಟಿದ್ದರು.

ನೋಟಿಸು ಬಂದು ವಾರವಾದರೂ ನಾನು ಅದರ ತಂಟೆಗೆ ಹೋಗಿರಲಿಲ್ಲ. ನನಗ್ಯಾಕೆ ಆ ಉಸಾಬರಿ ಎಂದು ಇದ್ದೆ. ನಿನ್ನೆ ಮಧ್ಯಾಹ್ನ ದುರ್ಗವ್ವ ಎನ್ನುವ ಹೆಂಗಸು ಗಂಡನನ್ನು ಕುರ್ಚಿಯಲ್ಲಿ ತಳ್ಳಿಕೊಂಡು ಬಂದಳು. ಎಡಭಾಗ ಬಿದ್ದಿದೆ, ಮಾತೂ ತೊದಲು. ಕೈಯಲ್ಲಿ ಬೇರೆ ಬೇರೆ ಆಸ್ಪತ್ರೆಯ ಚೀಟಿಗಳ ಕಂತೆ. ವಾರ್ಡಿನ ಹೊಸ್ತಿಲಲ್ಲಿ ನಿಂತು ಒಳಗೆ ಬರಲು ಹೆದರುತ್ತಿದ್ದಳು. ಒಳಗೆ ನಮ್ಮವರು ಮೂವರೂ ಯಾವುದೋ ಮಂಚದ ಹತ್ತಿರ ಎಂದಿನಂತೆ ಎತ್ತರದ ದನಿಯಲ್ಲಿದ್ದರು. ಅವಳು ನನ್ನನ್ನು ಕೇಳಿದಳು, ‘ಇದು ಯಾರ ವಾರ್ಡ್ರೀ ಅವ್ವಾ? ನಾ ಯಾರನ್ನ ಕೇಳ್ಬೇಕು?’

ನಾನು ಕುರ್ಚಿಯ ಹಿಡಿ ಹಿಡಿದುಕೊಂಡು, ‘ನಂದು ಕಣಮ್ಮ, ಬಾ ಒಳಗೆ’ ಎಂದೆ.

ಹೇಳಿದ ಮೇಲೆ ನನಗೇ ಕೇಳಿಸಿತು. ಸಂಜೆ ಹೋಗಿ ನನ್ನ ಹೆಸರು ಕೊಟ್ಟು ಬಂದೆ.

ನಿನ್ನ,
ಅನುಸೂಯಮ್ಮ